ಫೈಲ್ ಬದಲಾಯಿಸಿದ ಮೇಲೆ ಕನ್ನಡ ಕೆಟ್ಟಿದೆಯೇ? ಕಸ ನೋಡಿ ದೋಷ ಹಿಡಿಯುವ ಬಗೆ

ವರ್ಡ್‌ನಲ್ಲಿ ಚೆನ್ನಾಗಿದ್ದ ಬರಹವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಚೌಕಗಳ ಸಾಲು. ಪಿಡಿಎಫ್‌ನಲ್ಲಿ ಓದಲು ಸರಿಯಾಗಿಯೇ ಇದ್ದದ್ದನ್ನು ಕಾಪಿ ಮಾಡಿ ಅಂಟಿಸಿದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲು. ಹದಿನೈದು ವರ್ಷ ಹಳೆಯ ಫೈಲ್ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ, ಬರೀ ಪೌಂಡ್ ಗುರುತು. ಮೂರಕ್ಕೂ ನಾವು ಹೇಳುವ ಮಾತು ಒಂದೇ: "ಫಾಂಟ್ ಪ್ರಾಬ್ಲಂ". ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಆ ಮಾತು ಪೂರ್ತಿ ಸರಿ.

ಪರದೆ ಮೇಲೆ ಕಾಣುವ ಕಸ ಸುಮ್ನೆ ಬಂದದ್ದಲ್ಲ. ಅದು ಯಾವ ಬಗೆಯ ಕಸ ಅಂತ ನೋಡಿದರೆ ದೋಷ ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ. ಬರಹ ಇನ್ನೂ ಒಳಗೆ ಉಳಿದಿದೆಯೋ, ಹೋಗಿಯೇ ಬಿಟ್ಟಿದೆಯೋ ಅನ್ನುವುದೂ ಗೊತ್ತಾಗುತ್ತದೆ. ಹಾಗಾಗಿ ಕೆಳಗಿನ ಭಾಗಗಳನ್ನು ಕಣ್ಣಿಗೆ ಕಾಣುವ ಲಕ್ಷಣದ ಮೇಲೆಯೇ ಜೋಡಿಸಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ. ಮೊದಲ ಭಾಗ ಓದಿ, ಆಮೇಲೆ ನಿಮ್ಮ ಕಸ ಯಾವುದೋ ಅಲ್ಲಿಗೆ ಹೋಗಿ.

## ಏನೇ ಕಂಡರೂ ಮೊದಲು: ಸೇವ್ ಒತ್ತಬೇಡಿ

ಫೈಲ್ ತೆರೆದಾಗ ಕಸ ಕಂಡರೆ ಅಕ್ಷರ ಹಾಳಾಗಿದೆ ಅಂತ ಅರ್ಥವಲ್ಲ. ಹೆಚ್ಚಿನ ಸಲ ತಪ್ಪಾಗಿ ಓದಿಕೊಂಡಿರುತ್ತದೆ, ಅಷ್ಟೆ. ಆದರೆ ಹಾಗೆ ತಪ್ಪಾಗಿ ಓದಿಕೊಂಡದ್ದನ್ನೇ ಸೇವ್ ಮಾಡಿದರೆ ಕಸವೇ ಫೈಲ್ ಆಗಿ ಕೂರುತ್ತದೆ. ಮುಚ್ಚುವಾಗ "ಬದಲಾವಣೆ ಉಳಿಸಬೇಕೇ" ಅಂತ ಕೇಳಿದರೆ ಬೇಡ ಅನ್ನಿ. ಮೂಲ ಫೈಲಿನ ಒಂದು ನಕಲು ಮಾಡಿ ಬೇರೆ ಫೋಲ್ಡರಿನಲ್ಲಿಡಿ. ಇನ್ನು ಮುಂದಿನ ಪ್ರಯೋಗಗಳೆಲ್ಲ ನಕಲಿನ ಮೇಲೆ.

ನಾನು ಈ ಪಾಠ ಕಲಿತದ್ದು ನಲವತ್ತು ಪುಟದ ಟಿಪ್ಪಣಿ ಕಳೆದುಕೊಂಡ ಮೇಲೆ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಒಂದು ಎಚ್ಚರಿಕೆ ಬಂತು, ಯೂನಿಕೋಡ್ ಅಕ್ಷರಗಳು ಕಳೆದುಹೋಗುತ್ತವೆ ಅಂತ. ಯೂನಿಕೋಡ್ ಅಂದರೆ ಬೇರೆ ಬೇರೆ ಭಾಷೆಗಳ ಲಿಪಿಗಳಿಗೆ ಸ್ವಂತ ಜಾಗ ಕೊಡುವ ಜಾಗತಿಕ ಪಟ್ಟಿ, ಈಗಿನ ಕನ್ನಡ ಇರುವುದೂ ಅದರಲ್ಲೇ. ಓದದೆ ಓಕೆ ಒತ್ತಿದೆ. ಮಾರನೆಯ ದಿನ ತೆರೆದರೆ ನಲವತ್ತು ಪುಟ ಪ್ರಶ್ನಾರ್ಥಕ ಚಿಹ್ನೆ. ಅದು ಇವತ್ತಿಗೂ ವಾಪಸ್ ಬಂದಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪುಕ್ಕಟೆ ಆನ್‌ಲೈನ್ ಪರಿವರ್ತಕಗಳಿಗೆ ಫೈಲ್ ಹಾಕಿದರೆ ಅದು ಬೇರೆಯವರ ಕಂಪ್ಯೂಟರಿಗೆ ಹೋಗುತ್ತದೆ. ಗುರುತಿನ ಚೀಟಿ, ಆಸ್ತಿ ಪತ್ರ, ಬ್ಯಾಂಕಿನ ವಿವರ, ಇನ್ನೂ ಪ್ರಕಟವಾಗದ ಹಸ್ತಪ್ರತಿ, ಇವನ್ನು ಅಲ್ಲಿಗೆ ಹಾಕಬೇಡಿ. ಕೆಳಗೆ ಹೇಳಿರುವ ಹೆಚ್ಚಿನ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಆಗುತ್ತದೆ.

## ಅಕ್ಷರದ ಜಾಗದಲ್ಲಿ ಖಾಲಿ ಚೌಕ

ಇದು ಎಲ್ಲಕ್ಕಿಂತ ಹಗುರ. ಅಕ್ಷರ ಒಳಗಿದೆ, ಅದನ್ನು ಬರೆದು ತೋರಿಸುವ ಫಾಂಟ್ ಇಲ್ಲ. ಈ ಚೌಕಗಳಿಗೆ ತಂತ್ರಜ್ಞರು ಇಟ್ಟ ಅಡ್ಡಹೆಸರು "ತೋಫು". ಗೂಗಲ್‌ನ ನೋಟೋ ಫಾಂಟ್‌ಗಳ ಹೆಸರು ಹುಟ್ಟಿದ್ದೂ "ನೋ ತೋಫು" ಅನ್ನುವುದರಿಂದಲೇ.

ಬರಹವನ್ನೆಲ್ಲ ಆಯ್ದುಕೊಂಡು ಫಾಂಟ್ ಬದಲಾಯಿಸಿ ನೋಡಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ, ಬೇರೆ ಕಡೆ ನೋಟೋ ಸಾನ್ಸ್ ಕನ್ನಡ. ಅಕ್ಷರ ಮೂಡಿದರೆ ಮುಗಿಯಿತು. ಫಾಂಟ್ ಬದಲಿಸಿದರೂ ಚೌಕವೇ ಇದ್ದರೆ ಒಂದು ಚೌಕವನ್ನು ಕಾಪಿ ಮಾಡಿ ಬ್ರೌಸರಿನ ಹುಡುಕುವ ಪೆಟ್ಟಿಗೆಗೆ ಅಂಟಿಸಿ. ಅಲ್ಲಿ ಕನ್ನಡ ಬಂದರೆ ದೋಷ ಆ ತಂತ್ರಾಂಶದ್ದು, ಫೈಲಿನದ್ದಲ್ಲ.

ಇಬುಕ್ ಓದುವ ಸಾಧನಗಳಲ್ಲಿ ಚೌಕ ಕಂಡರೆ ಇಪಬ್ ಫೈಲಿನ ಒಳಗೇ ಫಾಂಟ್ ಸೇರಿಸಬೇಕು. ಕ್ಯಾಲಿಬರ್‌ನಲ್ಲಿ ಅದಕ್ಕೆ ಸೌಲಭ್ಯ ಇದೆ. ಪ್ಯಾನ್‌ಡಾಕ್‌ನಲ್ಲಿ ಕಮಾಂಡ್ ಕೊಟ್ಟು ಪಿಡಿಎಫ್ ಮಾಡುವವರಿಗೆ ಒಂದು ಮಾತು: ಅದು ತಾನಾಗಿಯೇ ಬಳಸುವ ಪಿಡಿಎಫ್‌ಲೇಟೆಕ್‌ಗೆ ಕನ್ನಡ ಒಗ್ಗುವುದಿಲ್ಲ. ಝೀಲೇಟೆಕ್ ಆರಿಸಿ, ಮುಖ್ಯ ಫಾಂಟ್ ಆಗಿ ಒಂದು ಕನ್ನಡ ಫಾಂಟಿನ ಹೆಸರು ಕೊಡಿ.

## ಪೌಂಡ್ ಗುರುತು, ತಲೆ ಮೇಲೆ ಗೆರೆ ಇರುವ ದೊಡ್ಡ ಎ

ಹಳೆಯ ಫೈಲ್‌ಗಳಲ್ಲಿ ಜಾಸ್ತಿ ಕಾಣುವುದು ಇದೇ. "ಕನ್ನಡ" ಅನ್ನುವ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ಓರೆ ಗೆರೆ ಹೊತ್ತ ದೊಡ್ಡ ಎ, ಪೌಂಡ್ ಗುರುತು, ಮತ್ತೆ ಗೆರೆಯ ಎ, ಬೀಟಾದಂತೆ ಕಾಣುವ ಜರ್ಮನ್ ಎಸ್, ಚಿಕ್ಕ ಕ್ಯೂ, ಕೊನೆಗೆ ಮತ್ತದೇ ಗೆರೆಯ ಎ. ಒಟ್ಟು ಏಳು ಗುರುತು.

ಇದು ಕೆಟ್ಟ ಫೈಲ್ ಅಲ್ಲ. ನುಡಿ, ಬರಹ, ಶ್ರೀಲಿಪಿಯಂಥ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು. ಆಗ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಜಾಗ ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದರು. ನುಡಿಯಲ್ಲಿ ದೊಡ್ಡ ಪಿ ಅಂದರೆ ತಲೆಕಟ್ಟಿಲ್ಲದ ಕ. ಎಲ್ಲೆಲ್ಲೂ ಕಾಣುವ ಆ ಗೆರೆಯ ಎ ಅಂದರೆ ತಲೆಕಟ್ಟು. ಕನ್ನಡದಲ್ಲಿ ತಲೆಕಟ್ಟು ಎಷ್ಟು ಸಲ ಬರುತ್ತದೋ ಆ ಎ ಅಷ್ಟು ಸಲ ಬರುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಹೀಗೆ.

ಸುಲಭದ ಪರೀಕ್ಷೆ ಮೊದಲು. ಕಸದ ಮೇಲೆ ಕರ್ಸರ್ ಇಟ್ಟು ಫಾಂಟಿನ ಹೆಸರು ನೋಡಿ. ನುಡಿ ಅಂತಲೋ ಬಿಆರ್‌ಎಚ್ ಅಂತಲೋ ಇದ್ದರೆ ಅದೇ ಫಾಂಟ್ ಹಾಕಿಕೊಂಡರೆ ಓದಲು ಸಿಗುತ್ತದೆ. ಪ್ರಿಂಟ್ ತೆಗೆಯುವುದಷ್ಟೇ ಕೆಲಸ ಆದರೆ ಇಲ್ಲಿಗೇ ಸಾಕು.

ಯೂನಿಕೋಡ್‌ಗೆ ತರಬೇಕಾದರೆ ಪರಿವರ್ತಕ ಬೇಕು. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಯಲ್ಲೇ ಅದು ಬರುತ್ತದೆ. ಆದರೆ ಶ್ರೀಲಿಪಿಯ ಜೋಡಣೆಯೇ ಬೇರೆ. ಅದನ್ನು ನುಡಿ ಪರಿವರ್ತಕಕ್ಕೆ ಹಾಕಿದರೆ ಕನ್ನಡ ಅಕ್ಷರಗಳೇ ಬರುತ್ತವೆ, ಅರ್ಥ ಮಾತ್ರ ಬರುವುದಿಲ್ಲ. ಹಾಗಾದರೆ ಪರಿವರ್ತಕ ಕೆಟ್ಟಿದೆ ಅಂದುಕೊಳ್ಳಬೇಡಿ. ತಪ್ಪು ಪರಿವರ್ತಕ ಆರಿಸಿದ್ದೀರಿ.

ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಿಡಿ.

ಮೊದಲನೆಯದು ಅರ್ಕಾವೊತ್ತು. ಹಳೆ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರ ಬರೆದಾದ ಮೇಲೆ ಹಾಕುತ್ತಿದ್ದರು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರ್ ಮೊದಲು. ಇದನ್ನು ತಿಳಿಯದ ಪರಿವರ್ತಕ "ಕರ್ನಾಟಕ"ವನ್ನು "ಕನಾರ್ಟಕ" ಮಾಡಿಬಿಡುತ್ತದೆ. ಈ ಕನಾರ್ಟಕವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ, ಅಲ್ವಾ? ಅದು ಬರೆದವರ ತಪ್ಪಲ್ಲ, ಪರಿವರ್ತಕದ್ದು. ಹೊಸ ಫೈಲಿನಲ್ಲಿ ಮೊದಲು ಈ ಪದ ಹುಡುಕಿ. ಸಿಕ್ಕಿತು ಅಂದರೆ ವರ್ಷ, ಅರ್ಥ, ಕಾರ್ಯ, ಮಾರ್ಗ ಎಲ್ಲವನ್ನೂ ಪರೀಕ್ಷಿಸಬೇಕು. ಕೈಯಲ್ಲಿ ತಿದ್ದುತ್ತಾ ಕೂರಬೇಡಿ, ಬೇರೆ ಪರಿವರ್ತಕದಲ್ಲಿ ಮತ್ತೆ ಮಾಡಿ.

ಎರಡನೆಯದು ನಡುವೆ ಬರುವ ಇಂಗ್ಲಿಷ್. ಫೈಲನ್ನು ಪೂರ್ತಿ ಒಂದೇ ಏಟಿಗೆ ಪರಿವರ್ತಿಸಿದರೆ ಅದರಲ್ಲಿದ್ದ ಇಂಗ್ಲಿಷ್ ಪದ, ಮಿಂಚಂಚೆ ವಿಳಾಸ ಎಲ್ಲವೂ ಅರ್ಥವಿಲ್ಲದ ಕನ್ನಡ ಆಗುತ್ತವೆ. ವರ್ಡ್‌ನ ಹುಡುಕುವ ಪೆಟ್ಟಿಗೆಯಲ್ಲಿ ಫಾಂಟಿನ ಮೇಲೆ ಹುಡುಕುವ ಅವಕಾಶ ಇದೆ. ನುಡಿ ಫಾಂಟಿನಲ್ಲಿರುವ ಭಾಗ ಮಾತ್ರ ಆಯ್ದು ಪರಿವರ್ತಿಸಿ.

ಮೂರನೆಯದು ವರ್ಡ್‌ನ ಆಟೋಕರೆಕ್ಟ್. ಪಾಪ, ಅದಕ್ಕೆ ಇದು ಇಂಗ್ಲಿಷ್ ಅಂತಲೇ ಲೆಕ್ಕ. ವಾಕ್ಯದ ಮೊದಲ ಅಕ್ಷರ ಚಿಕ್ಕದಿದ್ದರೆ ದೊಡ್ಡದು ಮಾಡುತ್ತದೆ. ಚಿಕ್ಕ ಕ್ಯೂ ದೊಡ್ಡದಾದರೆ ಡ ಇರಬೇಕಾದ ಕಡೆ ಕಿ ಬರುತ್ತದೆ. ಹಳೆ ಫೈಲಿನಲ್ಲಿ ತಿದ್ದುಪಡಿ ಮಾಡುವ ಮೊದಲೇ ಆಟೋಕರೆಕ್ಟ್ ಆಫ್ ಮಾಡಿಬಿಡಿ.

## ಗೆರೆಯ ಎ ಇದೆ, ಆದರೆ ಚಿಕ್ಕದು. ಪಕ್ಕದಲ್ಲಿ ಪುಟ್ಟ 2 ಅಥವಾ 3

ಮೇಲಿನದಕ್ಕೂ ಇದಕ್ಕೂ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಎರಡರಲ್ಲೂ ಗೆರೆ ಹೊತ್ತ ಎ ಇರುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಎ ದೊಡ್ಡದು, ಇಲ್ಲಿ ಚಿಕ್ಕದು. ಅದರ ಬಲಕ್ಕೆ ಗಣಿತದಲ್ಲಿ ವರ್ಗ, ಘನ ಬರೆಯುವಾಗ ಹಾಕುವ ಪುಟ್ಟ ಎರಡೋ ಮೂರೋ ಇರುತ್ತದೆ. ಮೂರನೆಯದಾಗಿ ಇನ್ನೇನೋ ಒಂದು ಗುರುತು. ಮೂರು ಮೂರರ ಗುಂಪಿನಲ್ಲಿ ಸಾಲು ಸಾಗುತ್ತದೆ.

ಇದು ಅಪ್ಪಟ ಯೂನಿಕೋಡ್ ಕನ್ನಡ. ನುಡಿ ಪರಿವರ್ತಕಕ್ಕೆ ಇದನ್ನು ಹಾಕಬೇಡಿ. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಗುರುತಿಗೆ 3 ಬೈಟ್. ಅಕ್ಷರಗಳನ್ನು ಹೀಗೆ ಬೈಟ್ ಮಾಡಿ ಇಡುವ ವಿಧಾನಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ. "ಕನ್ನಡ" ಅಂದರೆ ಕ, ನ, ಒತ್ತಕ್ಷರ ಮಾಡುವ ವಿರಾಮ, ನ, ಡ. ಐದು ಗುರುತು, 15 ಬೈಟ್. ಆ ಒಂದೊಂದು ಬೈಟನ್ನೂ ಹಳೆಯ ವಿಂಡೋಸ್ ಪಟ್ಟಿಯ ಒಂದೊಂದು ಅಕ್ಷರ ಅಂತ ಓದಿದರೆ ಈ ಕಸ ಬರುತ್ತದೆ. ಮೊದಲ ಬೈಟ್ ಯಾವಾಗಲೂ ಒಂದೇ ಆದ್ದರಿಂದ ಆ ಚಿಕ್ಕ ಎ ಮತ್ತೆ ಮತ್ತೆ ಕಾಣುತ್ತದೆ.

ಪರಿಹಾರ ಸುಲಭ. ಫೈಲ್ ಮುಚ್ಚಿ, ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸಿ ಮತ್ತೆ ತೆರೆಯಿರಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸುವವರಿಗೆ ಒಂದು ಎಚ್ಚರಿಕೆ. ಎನ್‌ಕೋಡಿಂಗ್ ಮೆನುವಿನಲ್ಲಿ ಬರೀ ಯುಟಿಎಫ್-8 ಅಂತ ಒಂದಿದೆ, ಯುಟಿಎಫ್-8ಕ್ಕೆ ಕನ್ವರ್ಟ್ ಮಾಡು ಅಂತ ಇನ್ನೊಂದಿದೆ. ಮೊದಲನೆಯದು ಮತ್ತೆ ಸರಿಯಾಗಿ ಓದುತ್ತದೆ. ಎರಡನೆಯದು ಈಗ ಕಾಣುವ ಕಸವನ್ನೇ ಬದಲಾಯಿಸುತ್ತದೆ. ನಿಮಗೆ ಬೇಕಾದದ್ದು ಮೊದಲನೆಯದು.

ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗಲೂ ಇದೇ ಕಸ. ಹಾಗೆ ತೆರೆಯುವ ಬದಲು ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಲ್ಲಿ ಫ್ರಂ ಟೆಕ್ಸ್ಟ್ ಆಯ್ಕೆಯಿಂದ ಫೈಲ್ ಕರೆಸಿಕೊಳ್ಳಿ, ಅಲ್ಲಿ 65001 ಅನ್ನುವ ಯುಟಿಎಫ್-8 ಆರಿಸಿ. ಹಾಗೇ ಫೋನ್ ನಂಬರಿನ ಕಾಲಂ ಅನ್ನು ಟೆಕ್ಸ್ಟ್ ಅಂತ ಗುರುತು ಮಾಡಿ. ಇಲ್ಲದಿದ್ದರೆ ಮುಂದಿನ ಸೊನ್ನೆಗಳು ಮಾಯ.

ಕಸ ಕಂಡ ಮೇಲೆ ಯಾರೋ ಸೇವ್ ಮಾಡಿಬಿಟ್ಟಿದ್ದರೆ? ಆಗಲೂ ಎಷ್ಟೋ ಸಲ ಬಿಡಿಸಬಹುದು. ಕಸದ ಫೈಲನ್ನು ಎಎನ್‌ಎಸ್‌ಐ ಆಗಿ, ಅಂದರೆ ಆ ಹಳೆ ವಿಂಡೋಸ್ ಪಟ್ಟಿಯಲ್ಲಿ, ಸೇವ್ ಮಾಡಿ, ಅದನ್ನೇ ಯುಟಿಎಫ್-8 ಅಂತ ತೆರೆಯುವುದು. ನಕಲಿನ ಮೇಲೆ ಮಾತ್ರ. ಆದರೆ ಇಲ್ಲಿ ಒಂದು ತೊಡಕಿದೆ. ಆ ಹಳೆ ವಿಂಡೋಸ್ ಪಟ್ಟಿಯಲ್ಲಿ ಐದು ಜಾಗ ಖಾಲಿ. ನಮ್ಮ ದುರದೃಷ್ಟಕ್ಕೆ ಉಕಾರದ ಗುರುತು ಮತ್ತು ಒತ್ತಕ್ಷರ ಮಾಡುವ ವಿರಾಮ, ಇವೆರಡರ ಮೂರನೇ ಬೈಟ್ ಸರಿಯಾಗಿ ಆ ಖಾಲಿ ಜಾಗಕ್ಕೇ ಬೀಳುತ್ತದೆ. ಏ, ಐ, ಝ ಕೂಡ ಹಾಗೆಯೇ. ಕೆಲವು ತಂತ್ರಾಂಶ ಆ ಬೈಟನ್ನು ಹಾಗೇ ಉಳಿಸುತ್ತದೆ, ಕೆಲವು ಬಿಸಾಡುತ್ತದೆ. ವಾಪಸ್ ಬಂದ ಬರಹದಲ್ಲಿ ಉಕಾರ, ಒತ್ತಕ್ಷರ ಇರಬೇಕಾದ ಕಡೆಯೆಲ್ಲ ತೂತು ಕಂಡರೆ ಅದು ಬಿಸಾಡಿದ ಗುರುತು. ಉಕಾರವೂ ಒತ್ತಕ್ಷರವೂ ಇಲ್ಲದ ಕನ್ನಡವನ್ನು ಊಹಿಸಿ ತುಂಬುವುದಕ್ಕಿಂತ ಮೂಲ ಕಳಿಸಿದವರ ಬಳಿ ಮತ್ತೆ ಕೇಳುವುದು ಬೇಗ ಆಗುತ್ತದೆ.

## ಬರೀ ಪ್ರಶ್ನಾರ್ಥಕ ಚಿಹ್ನೆ

ಇಲ್ಲಿ ಎರಡು ಬಗೆ. ಸಾದಾ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಒಂದು. ಕಪ್ಪು ವಜ್ರದಾಕಾರದ ಒಳಗೆ ಬಿಳಿ ಪ್ರಶ್ನಾರ್ಥಕ ಚಿಹ್ನೆ ಇನ್ನೊಂದು.

ಸಾದಾ ಚಿಹ್ನೆಗಳಾದರೆ ಎಣಿಸಿ ನೋಡಿ. "ಕನ್ನಡ" ಇರಬೇಕಾದ ಕಡೆ ಸರಿಯಾಗಿ ಐದು ಚಿಹ್ನೆ ಇದ್ದರೆ ಒಂದೊಂದು ಗುರುತಿನ ಜಾಗದಲ್ಲಿ ಒಂದೊಂದು ಪ್ರಶ್ನೆ ಕೂತಿದೆ. ಕನ್ನಡವನ್ನು ಕನ್ನಡ ಗೊತ್ತಿಲ್ಲದ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿದ ಫಲ. ಬರಹ ಹೋಯಿತು. ಯಾವ ಪರಿವರ್ತಕವೂ ತರಲಾರದು. ತರುತ್ತೇವೆ ಅಂತ ಹಣ ಕೇಳುವವರನ್ನು ನಂಬಬೇಡಿ. ಹಳೆಯ ನಕಲು ಇದೆಯೇ, ಯಾರಿಗಾದರೂ ಮಿಂಚಂಚೆಯಲ್ಲಿ ಕಳಿಸಿದ್ದಿರೇ, ಕ್ಲೌಡ್‌ನಲ್ಲಿ ಹಿಂದಿನ ಆವೃತ್ತಿ ಉಳಿದಿದೆಯೇ, ಅಲ್ಲಿ ಹುಡುಕಿ. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಬಳಸುತ್ತದೆ. ಹಾಗಾಗಿ ಈಗ ಈ ಅನಾಹುತ ಕಡಿಮೆ.

ವಜ್ರದ ಒಳಗಿನ ಚಿಹ್ನೆ ಕಂಡರೆ ಇನ್ನೂ ಆಸೆ ಇದೆ. ಫೈಲ್ ಬೇರೆ ಎನ್‌ಕೋಡಿಂಗ್‌ನಲ್ಲಿದೆ, ತಂತ್ರಾಂಶ ಯುಟಿಎಫ್-8 ಅಂದುಕೊಂಡು ಓದಿ ಸೋತಿದೆ. ಸೇವ್ ಮಾಡದೆ ಮುಚ್ಚಿ, ಯುಟಿಎಫ್-16 ಅಥವಾ ಎಎನ್‌ಎಸ್‌ಐ ಆಗಿ ತೆರೆದು ನೋಡಿ. ಎಎನ್‌ಎಸ್‌ಐನಲ್ಲಿ ದೊಡ್ಡ ಎ, ಪೌಂಡ್ ಗುರುತು ಕಂಡರೆ ಅದು ಹಳೆ ನುಡಿ ಫೈಲ್, ಎರಡು ಭಾಗ ಮೇಲಕ್ಕೆ ಹೋಗಿ.

## ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿದೆ

"ಅಕ್ಕ" ಅನ್ನುವುದು "ಅಕ್‌ಕ" ಅಂತ ಕಾಣುತ್ತಿದೆಯೇ? ಇಡೀ ಫೈಲಿನಲ್ಲಿ ಹೀಗಿದ್ದರೆ ಬರಹ ಸರಿಯಾಗಿದೆ, ಜೋಡಿಸುವವರು ಯಾರೂ ಇಲ್ಲ. ಕನ್ನಡದಲ್ಲಿ ಅಕ್ಷರಗಳನ್ನು ಕೂಡಿಸಿ ತೋರಿಸುವ ಕೆಲಸ ತಂತ್ರಾಂಶದ್ದು. ಪುಟ ವಿನ್ಯಾಸದ ತಂತ್ರಾಂಶಗಳಲ್ಲಿ ಇದು ಜಾಸ್ತಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರ್ ಅನ್ನು ವರ್ಲ್ಡ್ ರೆಡಿ ಅನ್ನುವುದಕ್ಕೆ ಬದಲಾಯಿಸಿದರೆ ಒತ್ತುಗಳು ತಮ್ಮ ಜಾಗಕ್ಕೆ ಬರುತ್ತವೆ. ಹಳೆಯ ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಕನ್ನಡ ಆಗುವುದೇ ಇಲ್ಲ, ಅಲ್ಲಿ ತಡಕಾಡಿ ಪ್ರಯೋಜನವಿಲ್ಲ.

ಕೆಲವೇ ಪದಗಳಲ್ಲಿ ಇದರ ಉಲ್ಟಾ ಆಗಿದ್ದರೆ, ಅಂದರೆ "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗಿದ್ದರೆ, ಪರಿವರ್ತಿಸುವಾಗ ಕಣ್ಣಿಗೆ ಕಾಣದ ಒಂದು ಗುರುತು ಬಿದ್ದುಹೋಗಿದೆ. ಅಕ್ಷರ ಕೂಡದಂತೆ ನಡುವೆ ಹಾಕುವ ಅಗಲವಿಲ್ಲದ ಗುರುತು ಅದು. ಕೆಲವು ಪರಿವರ್ತಕಗಳು, "ಕ್ಲೀನ್" ಮಾಡುವ ಸಾಧನಗಳು ಅದನ್ನು ಕಸ ಅಂದುಕೊಂಡು ಗುಡಿಸಿಬಿಡುತ್ತವೆ. ಆ ಹಂತವನ್ನು ಬಿಟ್ಟು ಮತ್ತೆ ಪರಿವರ್ತಿಸಿ.

## ಪಿಡಿಎಫ್‌ನಲ್ಲಿ ಚೆನ್ನಾಗಿದೆ, ಕಾಪಿ ಮಾಡಿದರೆ ಕೆಡುತ್ತದೆ

ಇದು ಎಲ್ಲಕ್ಕಿಂತ ಹಟಮಾರಿ. ಪಿಡಿಎಫ್ 1993ರಲ್ಲಿ ಬಂದದ್ದು ಪುಟ ಎಲ್ಲಿ ತೆರೆದರೂ ಒಂದೇ ಥರ ಕಾಣಲಿ ಅಂತ. ಅದರ ಒಳಗೆ ಇರುವುದು "ಈ ಆಕಾರವನ್ನು ಇಲ್ಲಿ ಇಡು" ಅನ್ನುವ ಸೂಚನೆ. ಕಾಪಿ ಮಾಡಿದಾಗ ಆಕಾರದಿಂದ ಅಕ್ಷರಕ್ಕೆ ಹಿಂದಿರುಗಲು ಒಂದು ಪಟ್ಟಿ ಬೇಕು. ಇಂಗ್ಲಿಷಿನಲ್ಲಿ ಒಂದು ಆಕಾರಕ್ಕೆ ಒಂದು ಅಕ್ಷರ, ಪಟ್ಟಿ ಸುಲಭ. ಕನ್ನಡದಲ್ಲಿ ಮೂರು ಗುರುತು ಸೇರಿ ಒಂದು ಆಕಾರ ಆಗಬಹುದು, ಒಂದು ಗುರುತು ಎರಡು ಆಕಾರ ಆಗಬಹುದು, ಅರ್ಕಾವೊತ್ತು ಹಿಂದೆ ಮುಂದೆ ಆಗುತ್ತದೆ. ಪಟ್ಟಿ ಅರೆಬರೆ ಇದ್ದರೆ ಕಾಪಿಯೂ ಅರೆಬರೆ.

ಮೊದಲು ಒಂದು ಸಾಲನ್ನು ಮೌಸ್‌ನಿಂದ ಆಯ್ದು ನೋಡಿ. ಆಯ್ಕೆಯೇ ಆಗದಿದ್ದರೆ ಅದು ಬರೀ ಚಿತ್ರ, ಸ್ಕ್ಯಾನ್ ಮಾಡಿದ ಪುಟ. ಆಯ್ಕೆ ಆದರೆ ಕಂಟ್ರೋಲ್ ಎಫ್ ಒತ್ತಿ, ಕಣ್ಣೆದುರೇ ಇರುವ ಒಂದು ಪದ ಹುಡುಕಿ. ಒತ್ತಕ್ಷರ ಇರುವ ಪದವನ್ನೇ ಆರಿಸಿ. ಸಿಕ್ಕಿದರೆ ಕಾಪಿಯೂ ಹೆಚ್ಚುಕಡಿಮೆ ಸರಿ ಬರುತ್ತದೆ. ಸಿಗದಿದ್ದರೆ ಪಟ್ಟಿ ಕೆಟ್ಟಿದೆ. ಆಗ ಪಿಡಿಎಫ್‌ನಿಂದ ವರ್ಡ್‌ಗೆ ಅಂತ ಹತ್ತು ಪರಿವರ್ತಕ ಬದಲಾಯಿಸಿದರೂ ಅಷ್ಟೆ, ಎಲ್ಲವೂ ಓದುವುದು ಅದೇ ಕೆಟ್ಟ ಪಟ್ಟಿಯನ್ನು. ಈ ಒಂದು ಪರೀಕ್ಷೆ ಮಾಡಿದ್ದರೆ ನನ್ನ ಎಷ್ಟೋ ಸಂಜೆ ಉಳಿಯುತ್ತಿತ್ತು.

ಆಮೇಲಿನ ದಾರಿ ಎರಡೇ. ಅಗ್ಗದ್ದು: ಪಿಡಿಎಫ್ ಮಾಡಿದವರ ಬಳಿ ಮೂಲ ವರ್ಡ್ ಫೈಲ್ ಕೇಳುವುದು. ಕೇಳಲು ಸಂಕೋಚ ಬೇಡ. ಇನ್ನೊಂದು: ಪುಟವನ್ನು ಚಿತ್ರ ಅಂತಲೇ ತಿಳಿದು ಓಸಿಆರ್ ಮಾಡುವುದು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರಿನಿಂದಲೇ ಓದಿಸಿ ಬರಹ ಮಾಡಿಸುವುದು. ಟೆಸರಾಕ್ಟ್ ಅನ್ನುವ ಓಸಿಆರ್ ತಂತ್ರಾಂಶಕ್ಕೆ ಕನ್ನಡದ ಕಡತ ಇದೆ, ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಗೂಗಲ್ ಡ್ರೈವ್‌ಗೆ ಪಿಡಿಎಫ್ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಓಸಿಆರ್ ಆಗುತ್ತದೆ. ಆದರೆ ಅದು ಮತ್ತೆ ಆನ್‌ಲೈನ್, ಮೇಲಿನ ಎಚ್ಚರಿಕೆ ನೆನಪಿರಲಿ. ಸ್ಕ್ಯಾನ್ ಕನಿಷ್ಠ 300 ಡಿಪಿಐ ಇರಲಿ. ಫೋನಿನಲ್ಲಿ ಓರೆಯಾಗಿ ತೆಗೆದ ಫೋಟೋದಿಂದ ಒಳ್ಳೆ ಫಲ ನಿರೀಕ್ಷಿಸಬೇಡಿ. ಬಂದ ಬರಹವನ್ನು ಒಬ್ಬರು ಮೂಲದ ಜೊತೆ ಸಾಲು ಸಾಲಾಗಿ ಓದಲೇಬೇಕು. ಷ ಮತ್ತು ಪ, ಥ ಮತ್ತು ಧ ಅದಲುಬದಲಾಗಿರುವುದು ಅವಸರದ ಓದಿಗೆ ಕಾಣುವುದಿಲ್ಲ.

ನೀವೇ ಪಿಡಿಎಫ್ ಮಾಡುವವರಾದರೆ ಪ್ರಿಂಟ್ ಮೂಲಕ ಮಾಡಬೇಡಿ, ಎಕ್ಸ್‌ಪೋರ್ಟ್ ಅಥವಾ ಸೇವ್ ಆ್ಯಸ್ ಮೂಲಕ ಮಾಡಿ. ಮಾಡಿದ ಮೇಲೆ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಅನ್ನುವ ಪುಟ ನೋಡಿ. ಕನ್ನಡ ಫಾಂಟಿನ ಹೆಸರಿನ ಮುಂದೆ ಎಂಬೆಡೆಡ್ ಅಂತ ಇರಬೇಕು.

## ಕಣ್ಣಿಗೆ ಸರಿ, ಹುಡುಕಿದರೆ ಸಿಗುವುದಿಲ್ಲ

ಒಂದೇ ಥರ ಕಾಣುವ ಎರಡು ಬೇರೆ ಬೇರೆ ಗುರುತುಗಳ ಆಟ ಇದು. ಓಸಿಆರ್ ಮಾಡಿದ ಬರಹದಲ್ಲಿ, ಕೆಲವೊಮ್ಮೆ ಟೈಪ್ ಮಾಡಿದ್ದರಲ್ಲೂ, ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಕೂತಿರುತ್ತದೆ. "ಬಂತು" ಮತ್ತು "ಬ೦ತು". ಹತ್ತಿರದಿಂದ ನೋಡಿದರೂ ಗೊತ್ತಾಗುವುದು ಕಷ್ಟ. ಕಂಪ್ಯೂಟರಿಗೆ ಮಾತ್ರ ಅದು ಬ, ಸೊನ್ನೆ, ತು. ಸೊನ್ನೆಯನ್ನು ಹುಡುಕಿ, ಅಕ್ಷರದ ಪಕ್ಕದಲ್ಲಿರುವುದನ್ನು ಅನುಸ್ವಾರಕ್ಕೆ ಬದಲಾಯಿಸಿ. ಒಂದೇ ಸಲ ಎಲ್ಲವನ್ನೂ ಬದಲಾಯಿಸಿದರೆ ಇಸವಿಗಳಲ್ಲಿರುವ ಸೊನ್ನೆಯೂ ಹೋಗುತ್ತದೆ, ಜೋಪಾನ.

ಇನ್ನೊಂದು ಸೂಕ್ಷ್ಮ ಇದೆ. ಯೂನಿಕೋಡ್‌ನಲ್ಲಿ ಓಕಾರವನ್ನು ಒಂದೇ ಗುರುತಾಗಿ ಇಡಬಹುದು, ಎಕಾರ, ಊಕಾರ, ದೀರ್ಘದ ಗುರುತು ಅಂತ ಬಿಡಿಸಿಯೂ ಇಡಬಹುದು. ಕಾಣುವುದು ಒಂದೇ. ಒಂದು ಫೈಲಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಇದ್ದರೆ "ಕೋಟೆ" ಹುಡುಕಿದಾಗ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿದ ಒಂದೇ ಗುರುತಿನ ರೂಪಕ್ಕೆ, ತರುವ ಸಾಧನದಲ್ಲಿ ಒಮ್ಮೆ ಹಾಯಿಸಿದರೆ ಸರಿಹೋಗುತ್ತದೆ.

## ಅಕ್ಷರ ಸರಿ, ಪುಟ ಎಲ್ಲ ಸರಿದಿದೆ

ವರ್ಡ್ ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಹಾಗೇ ಇದ್ದು ಕನ್ನಡ ಮಾತ್ರ ಚಿಕ್ಕದಾಗಿದ್ದರೆ ಗಾಬರಿ ಬೇಡ. ಎರಡೂ ತಂತ್ರಾಂಶಗಳು ಕನ್ನಡದಂಥ ಲಿಪಿಗಳಿಗೆ ಪ್ರತ್ಯೇಕ ಫಾಂಟ್, ಪ್ರತ್ಯೇಕ ಅಳತೆ ಇಟ್ಟುಕೊಂಡಿರುತ್ತವೆ. ವರ್ಡ್‌ನಲ್ಲಿ ಅದು ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್, ಲಿಬ್ರೆಆಫೀಸ್‌ನಲ್ಲಿ ಸಿಟಿಎಲ್. ಸ್ಟೈಲ್‌ನ ಒಳಗೆ ಹೋಗಿ ಅಲ್ಲಿ ಬದಲಾಯಿಸಿ. ಒಂದೊಂದೇ ಪ್ಯಾರಾ ಆಯ್ದು ದೊಡ್ಡದು ಮಾಡುತ್ತಾ ಹೋದರೆ ಸಂಜೆಯಾಗುತ್ತದೆ.

ಪುಟದ ಎಣಿಕೆಯೇ ಬದಲಾಗಿದ್ದರೆ ಫಾಂಟ್ ಬದಲಿಯಾಗಿದೆ ಅಥವಾ ಕಾಗದದ ಅಳತೆ ಬೇರೆ. ಎ4 ಅಂದರೆ 210 × 297 ಮಿಲಿಮೀಟರ್. ಲೆಟರ್ ಅಳತೆ ಅದಕ್ಕಿಂತ ಸ್ವಲ್ಪ ಅಗಲ, ಉದ್ದ ಕಡಿಮೆ. ಕಳಿಸುವವರು ವರ್ಡ್ ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಫಾಂಟನ್ನು ಫೈಲಿನಲ್ಲೇ ಸೇರಿಸುವ ಆಯ್ಕೆಗೆ ಗುರುತು ಹಾಕಿದರೆ ಮೊದಲನೆಯ ತೊಂದರೆ ಹೆಚ್ಚಿನ ಮಟ್ಟಿಗೆ ಹೋಗುತ್ತದೆ.

## ಫೈಲ್ ತೆರೆಯುವುದೇ ಇಲ್ಲ

ಹೆಸರಿನ ಬಾಲ ಬದಲಾಯಿಸಿದರೆ ಫೈಲ್ ಬದಲಾಗುವುದಿಲ್ಲ. ವರ್ಡ್ ಫೈಲಿಗೆ ಪಿಡಿಎಫ್ ಅಂತ ಬಾಲ ಅಂಟಿಸಿ ಕಳಿಸುವವರು ಇದ್ದಾರೆ. ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಕೆಲವು ಅಕ್ಷರ ನೋಡಿ. ಶೇಕಡಾ ಗುರುತು ಮತ್ತು ಪಿಡಿಎಫ್ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ನಿಜವಾದ ಪಿಡಿಎಫ್. ಪಿ ಮತ್ತು ಕೆ ಇದ್ದರೆ ಅದು ಜಿಪ್ ಗಂಟು. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲ ಅಕ್ಷರಗಳು ಅವು. 2007ರಿಂದ ಈಚೆಗಿನ ವರ್ಡ್ ಫೈಲ್, ಲಿಬ್ರೆಆಫೀಸ್‌ನ ಫೈಲ್, ಇಪಬ್ ಎಲ್ಲವೂ ಒಳಗೆ ಜಿಪ್ ಗಂಟುಗಳೇ.

ಇದರಿಂದ ಒಂದು ಉಪಕಾರ ಇದೆ. ವರ್ಡ್ ಫೈಲ್ ಕೆಟ್ಟಿದೆ ಅಂತ ಹಟ ಹಿಡಿದರೆ ಮೊದಲು ಓಪನ್ ಅಂಡ್ ರಿಪೇರ್ ನೋಡಿ, ಆಮೇಲೆ ಲಿಬ್ರೆಆಫೀಸ್‌ನಲ್ಲಿ ತೆರೆದು ನೋಡಿ. ಎರಡೂ ಆಗದಿದ್ದರೆ ನಕಲಿನ ಬಾಲವನ್ನು ಜಿಪ್ ಅಂತ ಬದಲಾಯಿಸಿ ಬಿಚ್ಚಿ. ಒಳಗೆ ವರ್ಡ್ ಅನ್ನುವ ಫೋಲ್ಡರ್, ಅದರಲ್ಲಿ ಡಾಕ್ಯುಮೆಂಟ್ ಅನ್ನುವ ಎಕ್ಸ್‌ಎಂಎಲ್ ಕಡತ. ಅದನ್ನು ಬ್ರೌಸರಿನಲ್ಲಿ ತೆರೆದರೆ ಕೋನಾವರಣಗಳ ನಡುವೆ ನಿಮ್ಮ ಕನ್ನಡ ಸಿಗುತ್ತದೆ. ಅಂದಚಂದ ಇರುವುದಿಲ್ಲ, ಬರಹ ಇರುತ್ತದೆ.

ಪರಿಚಯವಿಲ್ಲದವರಿಂದ ಬಂದ ಫೈಲ್ ತೆರೆಯುವಾಗ ಮ್ಯಾಕ್ರೋ ಚಾಲೂ ಮಾಡಿ ಅಂತ ಕೇಳಿದರೆ ಒಪ್ಪಬೇಡಿ. ಮ್ಯಾಕ್ರೋ ಅಂದರೆ ಫೈಲಿನೊಳಗೆ ಇರುವ ಪುಟ್ಟ ಪ್ರೋಗ್ರಾಂ, ಬರಹ ಓದಲು ಅದು ಬೇಕಾಗಿಲ್ಲ.

## ಎಲ್ಲಿ ಕೈಬಿಟ್ಟು ಸಹಾಯ ಕೇಳಬೇಕು

ಫೈಲಿನ ಅಳತೆ 0 ಅಂತ ತೋರಿಸಿದರೆ, ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಮತ್ತೆ ಮತ್ತೆ ಕಾಣೆಯಾಗುತ್ತಿದ್ದರೆ, ಟಕ್ ಟಕ್ ಸದ್ದು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಇದು ಪರಿವರ್ತನೆಯ ದೋಷವಲ್ಲ. ಅದರ ಮೇಲೆ ಹೊಸದೇನೂ ಬರೆಯಬೇಡಿ, ಡೇಟಾ ಹಿಂಪಡೆಯುವವರಿಗೆ ಕೊಡಿ. ಕರಾರು, ತೀರ್ಪು, ಔಷಧಿಯ ಪ್ರಮಾಣ ಇರುವ ಕಡತಗಳನ್ನು ಪರಿವರ್ತಿಸಿದ ಮೇಲೆ ಮೂಲದ ಜೊತೆ ಇನ್ನೊಬ್ಬರು ಓದಿ ನೋಡದೆ ಬಳಸಬೇಡಿ. ಬೀಗ ಹಾಕಿದ ಪಿಡಿಎಫ್ ಆದರೆ ಬೀಗ ಹಾಕಿದವರನ್ನೇ ಕೇಳಿ.

ಸಹಾಯ ಕೇಳುವಾಗ "ಕನ್ನಡ ಬರ್ತಿಲ್ಲ" ಅಂತ ಮಾತ್ರ ಬರೆದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಮುಟ್ಟದ ಮೂಲ ಫೈಲ್, ಕಸ ಕಾಣುವ ಪರದೆಯ ಚಿತ್ರ, ಯಾವ ತಂತ್ರಾಂಶದಿಂದ ಯಾವುದಕ್ಕೆ ಬದಲಾಯಿಸಿದಿರಿ ಅನ್ನುವುದು, ಮತ್ತು ಅಲ್ಲಿ ಇರಬೇಕಾದ ಒಂದು ಸಾಲನ್ನು ಕೈಯಲ್ಲಿ ಬರೆದು ತೆಗೆದ ಫೋಟೋ. ಕೊನೆಯದು ವಿಚಿತ್ರ ಅನ್ನಿಸಬಹುದು. ಆದರೆ ಕಸದ ಸಾಲನ್ನೂ ಸರಿಯಾದ ಸಾಲನ್ನೂ ಪಕ್ಕ ಪಕ್ಕ ಇಟ್ಟರೆ ತಿಳಿದವರು ಎರಡೇ ನಿಮಿಷದಲ್ಲಿ ಫಾಂಟ್ ಯಾವುದು, ಎನ್‌ಕೋಡಿಂಗ್ ಯಾವುದು ಅಂತ ಹೇಳಿಬಿಡುತ್ತಾರೆ.